ತೀರ್ಪಿಗೆ ಗಡುವಿಲ್ಲದೆ ಹೋದಾಗ

ಅಮೆರಿಕದ ಲೂಸಿಯಾನ ರಾಜ್ಯ 1890ರಲ್ಲಿ ಒಂದು ಕಾನೂನು ಮಾಡಿತು. ರೈಲಿನಲ್ಲಿ ಬಿಳಿಯರಿಗೊಂದು ಬೋಗಿ, ಕಪ್ಪು ಜನರಿಗೊಂದು ಬೋಗಿ. ತಪ್ಪಿ ಕೂತವರಿಗೆ ದಂಡ ಅಥವಾ ಜೈಲು. ಆ ಕಾನೂನಿನಲ್ಲಿ ಒಂದು ವಿನಾಯಿತಿಯೂ ಇತ್ತು: ಇನ್ನೊಂದು ವರ್ಣದ ಮಗುವನ್ನು ನೋಡಿಕೊಳ್ಳುವ ಆಯಾಗೆ ಈ ನಿಯಮ ಅನ್ವಯಿಸದು. ಅಂದರೆ ಕಪ್ಪು ಹೆಂಗಸು ಬಿಳಿಯರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಬೋಗಿಯಲ್ಲಿ ಹೋಗಬಹುದಿತ್ತು. ತಾನೇ ಟಿಕೆಟ್ ಕೊಂಡು ಪ್ರಯಾಣಿಕಳಾಗಿ ಹತ್ತಿದರೆ ಮಾತ್ರ ಅಪರಾಧ. ವರ್ಣಭೇದದ ಕಾನೂನುಗಳು ಯಾವುದನ್ನು ಕಾಯಲು ಹುಟ್ಟಿದವು ಎಂದು ತಿಳಿಯಲು ಈ ಒಂದು ವಿನಾಯಿತಿ ಸಾಕು. ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದಕ್ಕಿಂತ ಯಾವ ಅಂತಸ್ತಿನಲ್ಲಿ ಕೂರುತ್ತಾರೆ ಎಂಬುದೇ ಅವಕ್ಕೆ ಮುಖ್ಯವಾಗಿತ್ತು.

ನ್ಯೂ ಆರ್ಲಿಯನ್ಸ್‌ನ ನಾಗರಿಕರ ಸಮಿತಿಯೊಂದು ಈ ಕಾನೂನನ್ನು ಕೋರ್ಟಿಗೆ ಎಳೆಯಲು ತೀರ್ಮಾನಿಸಿತು. 1892ರ ಜೂನ್ 7ರಂದು ಹೋಮರ್ ಪ್ಲೆಸ್ಸಿ ಎಂಬ ಚಮ್ಮಾರ ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಬೋಗಿಯಲ್ಲಿ ಕೂತ. ಅವನ ಪೂರ್ವಜರಲ್ಲಿ ಎಂಟರಲ್ಲೊಂದು ಪಾಲು ಮಾತ್ರ ಆಫ್ರಿಕದ್ದು. ನೋಡಿದವರಿಗೆ ಬಿಳಿಯನಂತೆಯೇ ಕಾಣುತ್ತಿದ್ದ. ಅವನನ್ನು ಬಂಧಿಸಲು ಬಂದ ಖಾಸಗಿ ಪತ್ತೇದಾರನನ್ನು ಗೊತ್ತುಮಾಡಿದ್ದೂ ಸಮಿತಿಯೇ. ಬಂಧನವಾಗದಿದ್ದರೆ ಮೊಕದ್ದಮೆ ಎಲ್ಲಿಂದ ಬರಬೇಕು?

ಇವರು ನಂಬಿದ್ದು ಸಂವಿಧಾನದ 14ನೇ ತಿದ್ದುಪಡಿಯನ್ನು. ಗುಲಾಮಗಿರಿ ಹೋದ ಮೇಲೆ, 1868ರಲ್ಲಿ ಬಂದ ಆ ತಿದ್ದುಪಡಿ ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು ಎನ್ನುತ್ತದೆ. ಆದರೆ 1883ರಲ್ಲೇ ಸುಪ್ರೀಂ ಕೋರ್ಟ್ ಅದರ ಒಂದು ರೆಕ್ಕೆಯನ್ನು ಕತ್ತರಿಸಿತ್ತು. ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ, ಹೋಟೆಲಿನವನನ್ನೋ ನಾಟಕಶಾಲೆಯವನನ್ನೋ ಅಲ್ಲ ಎಂದಿತ್ತು. ನಮ್ಮ ಸಂವಿಧಾನ ಈ ಸಂದಿಗೆ ಎಡೆಗೊಡಲಿಲ್ಲ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು 15ನೇ ವಿಧಿ ಹೆಸರು ಹಿಡಿದೇ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ಯಾರು ಮಾಡಿದರೂ ಅಪರಾಧವೆನ್ನುತ್ತದೆ. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಅಮೆರಿಕದ ಕಪ್ಪು ಜನರ ಸ್ಥಿತಿಯನ್ನು ಬಲ್ಲವರು ಎಂಬುದನ್ನು ಇಲ್ಲಿ ನೆನೆಯಬೇಕು.

ಪ್ಲೆಸ್ಸಿ ಮೊಕದ್ದಮೆಯ ತೀರ್ಪು 1896ರ ಮೇ 18ರಂದು ಬಂತು. ಏಳು ನ್ಯಾಯಮೂರ್ತಿಗಳು ರಾಜ್ಯದ ಪರ, ಒಬ್ಬರು ವಿರುದ್ಧ. ಸೌಲಭ್ಯ ಸಮನಾಗಿದ್ದರೆ ಬೇರೆಬೇರೆ ಕೂರಿಸುವುದು ಅಸಮಾನತೆಯಲ್ಲ, ಅದರಲ್ಲಿ ಕೀಳರಿಮೆ ಕಂಡರೆ ಅದು ಕಪ್ಪು ಜನರೇ ಕಲ್ಪಿಸಿಕೊಂಡದ್ದು ಎಂದಿತು ಬಹುಮತ. 'ಪ್ರತ್ಯೇಕ, ಆದರೆ ಸಮಾನ' ಎಂಬ ಸೂತ್ರ ನಿಂತದ್ದು ಹೀಗೆ. ಒಪ್ಪದ ಆ ಒಬ್ಬರು ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್. ಗುಲಾಮರನ್ನು ಇಟ್ಟುಕೊಂಡಿದ್ದ ಕೆಂಟಕಿಯ ಮನೆತನದವರು. ಸಂವಿಧಾನಕ್ಕೆ ಬಣ್ಣ ಕಾಣುವುದಿಲ್ಲ ಎಂದು ಬರೆದವರು ಅವರೇ.

ಮುಂದಿನ ಅರ್ಧ ಶತಮಾನ ಈ ಸೂತ್ರದಲ್ಲಿ 'ಪ್ರತ್ಯೇಕ' ಮಾತ್ರ ಜಾರಿಯಲ್ಲಿತ್ತು. ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಮತ್ತು ಅವರ ಶಿಷ್ಯ ಥರ್ಗುಡ್ ಮಾರ್ಷಲ್ ಹಿಡಿದುಕೊಂಡದ್ದು ಉಳಿದ ಅರ್ಧವನ್ನು. ಸಮಾನ ಎಂದಿದ್ದೀರಲ್ಲ, ತೋರಿಸಿ ಎಂದು ಮೊಕದ್ದಮೆಯ ಮೇಲೆ ಮೊಕದ್ದಮೆ ಹೂಡಿದರು. ಅವುಗಳಲ್ಲಿ 1950ರ ಜಾರ್ಜ್ ಮೆಕ್ಲಾರಿನ್ ಪ್ರಕರಣವನ್ನು ಕೊಂಚ ಹತ್ತಿರದಿಂದ ನೋಡಬೇಕು. ಒಕ್ಲಹೋಮ ವಿಶ್ವವಿದ್ಯಾಲಯ ಕೋರ್ಟಿಗೆ ಹೆದರಿ ಈ ಶಿಕ್ಷಕರನ್ನು ಡಾಕ್ಟರೇಟಿಗೆ ಸೇರಿಸಿಕೊಂಡಿತು. ಆದರೆ ತರಗತಿಯೊಳಗೆ ಬಿಡಲಿಲ್ಲ, ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ ಬಾಗಿಲಿನಿಂದ ಪಾಠ ಕೇಳಿಸಿಕೊಳ್ಳಿ ಎಂದಿತು. ಗ್ರಂಥಾಲಯದಲ್ಲಿ ಅವರಿಗೆಂದೇ ಗೊತ್ತುಮಾಡಿದ ಮೇಜು. ಕ್ಯಾಂಟೀನಿನಲ್ಲಿ ಬೇರೆ ಮೇಜು, ಊಟದ ಹೊತ್ತೂ ಬೇರೆ. ಅದೇ ಪ್ರಾಧ್ಯಾಪಕರು, ಅದೇ ಪುಸ್ತಕ, ಅದೇ ಕಟ್ಟಡ. ಅಳತೆಗೆ ಸಿಗುವುದೆಲ್ಲ ಸಮ. ಆದರೂ ಇದು ಸಮಾನತೆಯಲ್ಲ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಪ್ಲೆಸ್ಸಿ ಸೂತ್ರದ ಬುಡ ಅಲ್ಲಾಡಿದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಹೀಗೆ ನೆಲ ಹದವಾಗುತ್ತಿದ್ದಾಗ ಪೆಟ್ಟು ಕೊಟ್ಟದ್ದು ಶಾಲಾ ಮಕ್ಕಳು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಫಾರ್ಮ್‌ವಿಲ್ ಎಂಬ ಊರಿನ ಮೋಟನ್ ಹೈಸ್ಕೂಲು 180 ಕಪ್ಪು ಮಕ್ಕಳಿಗೆಂದು ಕಟ್ಟಿದ್ದು. ಓದುತ್ತಿದ್ದವರು 450ರ ಆಸುಪಾಸು. ಹೆಚ್ಚಿದ ಮಕ್ಕಳಿಗಾಗಿ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳು. ಮಳೆ ಬಂದರೆ ಸೋರಿಕೆ. ಚಳಿಗಾಲದಲ್ಲಿ ಒಲೆಯ ಹತ್ತಿರದವರಿಗೆ ಧಗೆ, ದೂರದವರಿಗೆ ಕೋಟು ತೆಗೆಯಲಾಗದ ನಡುಕ. 1951ರ ಏಪ್ರಿಲ್ 23ರಂದು ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಮುಖ್ಯೋಪಾಧ್ಯಾಯರನ್ನು ಸುಳ್ಳು ಫೋನ್ ಕರೆಯೊಂದರಿಂದ ಊರೊಳಗೆ ಕಳಿಸಿ, ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ, ಮುಷ್ಕರ ಘೋಷಿಸಿದಳು. ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ. ರಿಚ್ಮಂಡಿನಿಂದ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಕಟ್ಟಡಕ್ಕಾಗಿ ಅಲ್ಲ, ಪ್ರತ್ಯೇಕತೆಯ ವಿರುದ್ಧವೇ ಹೋಗುವುದಾದರೆ ನಾವಿದ್ದೇವೆ ಎಂದರು. ಮಕ್ಕಳೂ ಹೆತ್ತವರೂ ಒಪ್ಪಿದರು. ಆ ಹುಡುಗಿಯ ಸುರಕ್ಷತೆಗೆ ಅಂಜಿ ಮನೆಯವರು ಅವಳನ್ನು ಅಲಬಾಮದ ದೊಡ್ಡಪ್ಪನ ಮನೆಗೆ ಕಳಿಸಬೇಕಾಯಿತು.

ಕ್ಯಾನ್ಸಸ್, ದಕ್ಷಿಣ ಕೆರೊಲಿನಾ, ಡೆಲವೇರ್, ವರ್ಜೀನಿಯಾಗಳ ಮೊಕದ್ದಮೆಗಳನ್ನು ಒಟ್ಟುಗೂಡಿಸಿ 1954ರ ಮೇ 17ರಂದು ಕೊಟ್ಟದ್ದೇ ಬ್ರೌನ್ ತೀರ್ಪು. ರಾಜಧಾನಿ ವಾಷಿಂಗ್ಟನ್ನಿನ ಪ್ರಕರಣಕ್ಕೂ ಅದೇ ದಿನ ಉತ್ತರ ಸಿಕ್ಕಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಅದನ್ನು ಸಾಮಾನ್ಯರೂ ಓದುವಷ್ಟು ಚಿಕ್ಕದಾಗಿ ಬರೆದರು. ಶಿಕ್ಷಣದಲ್ಲಿ ಪ್ರತ್ಯೇಕ ಎಂದ ಮೇಲೆ ಅಸಮಾನವೇ ಎಂಬುದು ಅದರ ತಿರುಳು. ಒಂಬತ್ತು ಮಂದಿಯೂ ಸಹಿ ಹಾಕಿದರು.

ಆದರೆ ಅಂದು ಹೇಳಿದ್ದು ತತ್ವ ಮಾತ್ರ. ಯಾರು, ಯಾವಾಗ, ಏನು ಮಾಡಬೇಕು ಎಂಬ ಆದೇಶ ಬಂದದ್ದು ಒಂದು ವರ್ಷದ ನಂತರ, 1955ರ ಮೇ 31ರಂದು. ಮಾರ್ಷಲ್ ಗಡುವು ಕೇಳಿದ್ದರು. ಕೋರ್ಟ್ ತಾರೀಖು ಹಾಕಲಿಲ್ಲ; ಪರಿಸ್ಥಿತಿ ನೋಡಿಕೊಂಡು, ತಕ್ಕಷ್ಟು ವೇಗದಲ್ಲಿ ಮಾಡಿ ಎಂದಿತು. ಮಾಡಬೇಕಾದವರೂ ಅಷ್ಟು ದಿನ ಪ್ರತ್ಯೇಕತೆ ನಡೆಸಿಕೊಂಡು ಬಂದಿದ್ದ ಅದೇ ಸ್ಥಳೀಯ ಶಾಲಾ ಮಂಡಳಿಗಳು. ದಕ್ಷಿಣದ ಸಿಟ್ಟಿಗೆ ಅಂಜಿ, ಒಮ್ಮತ ಉಳಿಸಿಕೊಳ್ಳಲು ನ್ಯಾಯಮೂರ್ತಿಗಳು ಹೀಗೆ ಮಾಡಿದರೆಂದು ವಿವರಿಸುವವರಿದ್ದಾರೆ. ವಿವರಣೆ ಸರಿಯಿರಬಹುದು. ಬೆಲೆ ತೆತ್ತವರು ಮಾತ್ರ ಮಕ್ಕಳು. ಒಂಬತ್ತು ವರ್ಷ ಕಳೆದರೂ ದಕ್ಷಿಣದಲ್ಲಿ ಬಿಳಿಯರ ಜೊತೆ ಕೂತು ಓದುವ ಕಪ್ಪು ಮಕ್ಕಳು ನೂರಕ್ಕೆ ಇಬ್ಬರೂ ಇರಲಿಲ್ಲ.

ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ 1959ರಲ್ಲಿ ಇದ್ದಬದ್ದ ಸರ್ಕಾರಿ ಶಾಲೆಗಳಿಗೆಲ್ಲ ಹಣ ನಿಲ್ಲಿಸಿ ಬೀಗ ಹಾಕಿತು. ಬಿಳಿಯ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದು ನಿಂತಿತು, ಅದಕ್ಕೆ ಸರ್ಕಾರದ ಸಹಾಯಧನ, ತೆರಿಗೆ ರಿಯಾಯಿತಿ. ಸುಮಾರು 1,700 ಕಪ್ಪು ಮಕ್ಕಳು ಬೀದಿಯಲ್ಲಿ ಉಳಿದರು. ಅನುಕೂಲವಿದ್ದವರು ಬೇರೆ ಊರಿನ ನೆಂಟರ ಮನೆಗೆ ಹೋದರು, ಕೆಲವರು ಚರ್ಚಿನ ನೆಲಮಾಳಿಗೆಯಲ್ಲಿ ಅಷ್ಟಿಷ್ಟು ಕಲಿತರು, ಎಷ್ಟೋ ಮಂದಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. 1964ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಿಧಾನಿಸುವ ಕಾಲ ಮುಗಿಯಿತು ಎಂದು ಶಾಲೆ ತೆರೆಸಿತು. ಏಳು ವರ್ಷದ ಮಗು ಆ ಹೊತ್ತಿಗೆ ಹನ್ನೆರಡರ ಹುಡುಗ.

ಬದಲಾವಣೆ ಬಿರುಸಾದದ್ದು ಕೋರ್ಟಿನ ಕೈಗೆ ಇನ್ನೊಂದು ಕೈ ಸೇರಿದ ಮೇಲೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ, ಭೇದ ಮಾಡುವ ಶಾಲೆಗೆ ಕೇಂದ್ರದ ಹಣ ಇಲ್ಲ ಎಂದಿತು. ಮರುವರ್ಷವೇ ಶಾಲೆಗಳಿಗೆ ಕೇಂದ್ರದ ಅನುದಾನ ಬಹಳ ಹೆಚ್ಚಿತು. ಹಣ ತಪ್ಪುವ ಭಯ, ಅದರ ಜೊತೆಗೆ ಈಗಲೇ ಫಲ ತೋರಿಸಿ ಎಂದ 1968ರ ತೀರ್ಪು. ಎಪ್ಪತ್ತರ ದಶಕ ಬರುವಷ್ಟರಲ್ಲಿ ದಕ್ಷಿಣದ ಶಾಲೆಗಳು ಉತ್ತರದವಕ್ಕಿಂತ ಹೆಚ್ಚು ಬೆರೆತಿದ್ದವು.

ಉತ್ತರದಲ್ಲಿ ತಡೆ ಇನ್ನೊಂದು ಬಗೆಯದು. ಬಿಳಿಯರು ಊರಾಚೆಯ ಬಡಾವಣೆಗಳಿಗೆ ಹೋಗಿ ನೆಲೆಸಿದ್ದರು. ಡೆಟ್ರಾಯಿಟ್ ನಗರದ ಶಾಲೆಗಳನ್ನು ಸುತ್ತಲಿನ 53 ಶಾಲಾ ಜಿಲ್ಲೆಗಳೊಂದಿಗೆ ಬೆರೆಸುವ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಅಂತರದಲ್ಲಿ ತಳ್ಳಿಹಾಕಿತು. ಆ ಜಿಲ್ಲೆಗಳು ತಪ್ಪು ಮಾಡಿದ್ದು ಸಾಬೀತಾಗಿಲ್ಲ, ಗಡಿ ದಾಟಲಾಗದು ಎಂದಿತು. ಇಂದು ಅಮೆರಿಕದ ಎಷ್ಟೋ ಮಕ್ಕಳು ಬೇರೆಬೇರೆ ಶಾಲೆಗಳಲ್ಲಿ ಉಳಿದಿರುವುದು ಈ ಗಡಿಗಳಿಂದ, ಮನೆಯ ವಿಳಾಸದಿಂದ. 1954ರಲ್ಲಿ ಮಕ್ಕಳ ಪರ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈ ಹೊತ್ತಿಗೆ ಅದೇ ಕೋರ್ಟಿನ ನ್ಯಾಯಮೂರ್ತಿ. ಡೆಟ್ರಾಯಿಟ್ ಪ್ರಕರಣದಲ್ಲಿ ಸೋತ ನಾಲ್ವರಲ್ಲಿ ಅವರೂ ಒಬ್ಬರು.