ಸಂಶಯದ ಲಾಭ ಯಾರಿಗೆ?

ಕವಿತಾಳದ ಹುಡುಗನೊಬ್ಬ ಸೈನ್ಯ ಸೇರಿ, ಕೆಲವು ವರ್ಷಗಳ ನಂತರ ಕಾಯಿಲೆಯಿಂದ ಮನೆಗೆ ಮರಳಿದನೆನ್ನಿ. ಅವನಿಗೆ ಅಂಗವೈಕಲ್ಯ ಪಿಂಚಣಿ ಸಿಗುತ್ತದೆಯೆ? ಕಾಯಿಲೆಗೆ ಸೇವೆ ಕಾರಣವೆ ಎಂಬುದರ ಮೇಲೆ ಅದು ನಿಂತಿದೆ.

ಈ ಪ್ರಶ್ನೆಗೆ ದಾರಿ ತೋರಿದ್ದು ಸಿಪಾಯಿ ಧರ್ಮವೀರ್ ಸಿಂಗ್ ಅವರ ಮೊಕದ್ದಮೆ. 1985ರಲ್ಲಿ ಸಿಗ್ನಲ್ಸ್ ದಳ ಸೇರಿದ ಅವರನ್ನು ಮೂರ್ಛೆರೋಗದ ಕಾರಣ 1994ರಲ್ಲಿ ಬಿಡುಗಡೆ ಮಾಡಲಾಯಿತು. ವೈಕಲ್ಯ ಶೇ. 20. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಕೀಯ ಮಂಡಳಿ ಹೇಳಿತು, ಪಿಂಚಣಿ ಸಿಗಲಿಲ್ಲ.

2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಸೇರುವಾಗಿನ ತಪಾಸಣೆಯಲ್ಲಿ ರೋಗ ದಾಖಲಾಗಿರದಿದ್ದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು. ಅಲ್ಲವೆನ್ನುವ ಮಂಡಳಿ ಕಾರಣ ಬರೆಯಬೇಕು. ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು ಎಂದಿತು. ಇದು ಹಳೆಯ ನಿಯಮಗಳ ಮೇಲಿನ ತೀರ್ಪು. 2023ರ ಸೆಪ್ಟೆಂಬರ್ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ.

ಅರ್ಜಿ ತಿರಸ್ಕೃತವಾದರೆ ಇಲಾಖೆಯೊಳಗೇ ಎರಡು ಮೇಲ್ಮನವಿಗಳಿಗೆ ಅವಕಾಶವಿದೆ. ಅಲ್ಲಿಯೂ ಸೋತರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಪೀಠ ಕೊಚ್ಚಿಯದು. ಕವಿತಾಳಕ್ಕೆ ಕೊಚ್ಚಿ ದೂರವೇ. ಅಷ್ಟು ದೂರ ಹೋದವನ ಪರವಾಗಿ ಮಾತಾಡುವುದು ಕಾಗದವೊಂದೇ.

ಆದ್ದರಿಂದ ಸೇರುವಾಗ ಮಗ ರೋಗ ಮುಚ್ಚಿಡಬಾರದು. ಆಸ್ಪತ್ರೆ ಚೀಟಿ, ಮಂಡಳಿಯ ವರದಿ, ತಿರಸ್ಕಾರದ ಪತ್ರ, ಹೀಗೆ ಕೈಗೆ ಬಂದ ಯಾವುದನ್ನೂ ಮನೆಯವರು ಕಳೆಯಬಾರದು.