ಚೆಕ್‌ರೋಲಿನಲ್ಲಿ ಹೆಸರಿಲ್ಲದ ಆಳುಗಳು



ಆಳಿನ ಕೊರತೆ, ಕೂಲಿಯ ಏರಿಕೆ, ಗೊಬ್ಬರದ ಬೆಲೆ, ಈ ಮೂರು ಮಾತು ಬಾರದೆ ಬೆಳೆಗಾರರ ಯಾವ ಸಭೆಯೂ ಮುಗಿಯುವುದಿಲ್ಲ. ಸಣ್ಣ ಹಿಡುವಳಿದಾರನ ಕಷ್ಟ ಅವನಿಗೇ ಗೊತ್ತು. ಆದರೆ ಅದೇ ತೋಟದಲ್ಲಿ ಬೆಳಗಾದರೆ ತಪ್ಪದೆ ಕೆಲಸಕ್ಕೆ ಇಳಿಯುವ, ಸಂಬಳ, ಬೋನಸ್ಸು, ರಜೆ ಯಾವುದನ್ನೂ ಕೇಳದ ಆಳುಗಳ ಒಂದು ದೊಡ್ಡ ಗುಂಪಿದೆ. ರೈಟರ ಚೆಕ್‌ರೋಲಿನಲ್ಲಿ ಅವುಗಳ ಹೆಸರಿಲ್ಲ. ಜೇನು, ದುಂಬಿ, ಕಣಜ, ನೊರಜು, ಗುಲಗಂಜಿ ಹುಳು ಮುಂತಾದ ಇವೆಲ್ಲವನ್ನೂ ಒಂದೇ ಮಾತಿನಲ್ಲಿ 'ಹುಳು' ಎಂದು ಕರೆದು, ಹುಳು ಕಂಡೊಡನೆ ಔಷಧಿ ಡಬ್ಬಕ್ಕೆ ಕೈ ಹಾಕುವ ಅಭ್ಯಾಸ ನಮ್ಮ ಸೀಮೆಯಲ್ಲಿ ಬೆಳೆದು ಬಂದಿದೆ. ಈ ಅಭ್ಯಾಸದಿಂದ ನಷ್ಟ ಯಾರಿಗೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಈ ಆಳುಗಳ ಕೂಲಿ ಎಷ್ಟಾದೀತೆಂದು ತಿಳಿಯಲು ವೆನಿಲ್ಲಾ ಕಾಲವನ್ನು ನೆನೆದರೆ ಸಾಕು. 2003ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೇರಿದಾಗ ಅಡಿಕೆ ತೋಟದಲ್ಲೂ ಕಾಫಿ ತೋಟದಲ್ಲೂ ಬಳ್ಳಿ ಹಬ್ಬಿಸಿದವರು ಬಹಳ ಮಂದಿ. ಮೆಕ್ಸಿಕೋ ಕಡೆಯ ಬಳ್ಳಿ ನಮ್ಮಲ್ಲಿಗೆ ಬಂತು, ಅಲ್ಲಿ ಅದರ ಹೂವಿನ ಕೆಲಸ ಮಾಡುತ್ತಿದ್ದ ಜೇನು ಜೊತೆಗೆ ಬರಲಿಲ್ಲ. ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುವ ಆ ಹೂವನ್ನು ಮನೆಮಂದಿಯೆಲ್ಲ ಕಡ್ಡಿ ಹಿಡಿದು ಒಂದೊಂದಾಗಿ ಬಿಡಿಸಿ ಪರಾಗ ಮುಟ್ಟಿಸಬೇಕಾಯಿತು. ತಪ್ಪಿದ ಹೂವು ಉದುರಿಯೇ ಹೋಯಿತು. ಮುಂದೆ ಬೆಲೆ ಬಿದ್ದು ಬಳ್ಳಿ ಕಿತ್ತದ್ದು ಬೇರೆ ಕಥೆ. ಒಂದು ಪುಟ್ಟ ಜೇನು ಇಲ್ಲದಿದ್ದರೆ ಮನುಷ್ಯ ಎಷ್ಟು ದುಡಿಯಬೇಕಾಗುತ್ತದೆ ಎಂಬ ಪಾಠವಂತೂ ಆಗ ನಮಗೆ ದೊರೆಯಿತು. ಕಾಫಿಯ ಹೂವಿಗೆ ಹಾಗೆ ಕಡ್ಡಿ ಹಿಡಿಯುವುದು ಯಾರಿಂದಾದೀತು?

ಕಾಫಿಯ ವಿಷಯಕ್ಕೇ ಬರೋಣ. ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಸ್ವಲ್ಪ ತರುತ್ತದೆ, ಉಳಿದದ್ದನ್ನು ಜೇನು ತರುತ್ತದೆ. 2012ರಲ್ಲಿ ಪ್ರಕಟವಾದ ಕೊಡಗಿನ ಒಂದು ಅಧ್ಯಯನದಲ್ಲಿ ಈ ಕೆಲಸಕ್ಕೆ ಬರುವ ಮುಖ್ಯ ಜೇನುಗಳು ಹೆಜ್ಜೇನು, ತುಡುವೆ ಮತ್ತು ಮುಜಂಟಿ ಎಂದು ಕಂಡುಬಂದಿದೆ. ಅರೇಬಿಕಾಕ್ಕೂ ಜೇನಿನಿಂದ ಲಾಭ ಇಲ್ಲದಿಲ್ಲ. ಇಂಡೋನೇಷ್ಯದ ಸುಲಾವೆಸಿ ದ್ವೀಪದ ತೋಟಗಳಲ್ಲಿ ವಿಜ್ಞಾನಿಗಳು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರೇ ಜಾತಿಯ ಜೇನು ಬರುವ ತೋಟದಲ್ಲಿ ನೂರು ಹೂವಿಗೆ ಸುಮಾರು 60 ಕಾಯಿ ಕಟ್ಟಿದರೆ, 20 ಅಥವಾ ಹೆಚ್ಚು ಜಾತಿ ಬರುವ ತೋಟದಲ್ಲಿ ಸುಮಾರು 90 ಕಟ್ಟಿತು. ಜೇನಿನ ಸಂಖ್ಯೆಯಷ್ಟೇ ಅದರ ಬಗೆಯೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಬಗೆ ಏಕೆ ಬೇಕೆಂಬುದಕ್ಕೆ ನಮ್ಮಲ್ಲೇ ಒಂದು ಸಾಕ್ಷಿಯಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಒಂದೇ ಜಾತಿಯನ್ನು ನಂಬಿ ಕೂತರೆ ಅಂಥ ವರ್ಷ ಹೂವಿನ ಗತಿಯೇನು? ಮರದ ಹೆಜ್ಜೇನು, ಗೋಡೆಯ ಸಂದಿನ ಮುಜಂಟಿ, ನೆಲದಲ್ಲಿ ತೂತು ಕೊರೆದು ಒಂಟಿಯಾಗಿ ಬಾಳುವ ಸಣ್ಣ ಜೇನು, ಒಣಮರ ಕೊರೆಯುವ ದುಂಬಿ, ಇವೆಲ್ಲ ಇದ್ದರೆ ಒಂದಕ್ಕೆ ಕೇಡು ಬಂದರೂ ಇನ್ನೊಂದು ಕೈ ಹಿಡಿಯುತ್ತದೆ.

ಉಳಿದ ಬೆಳೆಗಳ ಲೆಕ್ಕವೂ ಹೀಗೆಯೇ. ಏಲಕ್ಕಿ ಹೂವು ಅರಳಿರುವುದು ಒಂದೇ ದಿನ, ಆ ದಿನ ಜೇನು ಬಾರದಿದ್ದರೆ ಕಾಯಿಯಿಲ್ಲ. ಅಡಿಕೆ ಹೆಚ್ಚಾಗಿ ಗಾಳಿಯಿಂದಲೇ ಫಲ ಕಟ್ಟುತ್ತದೆಯಾದರೂ, ಸಿಂಗಾರದ ಗಂಡು ಹೂವಿನ ಪರಾಗ ಜೇನಿಗೆ ಆಹಾರ. ಅಡಿಕೆಯ ನಡುವೆ ಬೆಳೆಯುವ ಕೋಕೋ ಹೂವಿಗಂತೂ ಕಣ್ಣಿಗೆ ಕಾಣಿಸುವುದೇ ಕಷ್ಟವೆಂಬಷ್ಟು ಚಿಕ್ಕ ನೊರಜೇ ಗತಿ. ಆ ನೊರಜು ಹುಟ್ಟುವುದು ಕೊಳೆತ ಬಾಳೆ ದಿಂಡು, ಕೋಕೋ ಸಿಪ್ಪೆ, ಒದ್ದೆ ತರಗೆಲೆಗಳಲ್ಲಿ. ತೋಟವನ್ನು ಅಂಗಳದಂತೆ ಗುಡಿಸಿಟ್ಟವನು ಕೋಕೋ ಕಾಯಿ ಕಟ್ಟಲಿಲ್ಲವೆಂದು ಗೊಬ್ಬರದವನನ್ನು ದೂರಿ ಫಲವಿಲ್ಲ. ಕಾಫಿಗೆ ನೆರಳು ಕೊಡುವ ಅತ್ತಿ, ಬಸರಿ, ಗೋಣಿ ಮರಗಳಿಗೂ ತಮ್ಮ ತಮ್ಮ ಪುಟ್ಟ ಕಣಜಗಳಿವೆ. ಅವು ಹಣ್ಣಿನೊಳಗೆ ಹೊಕ್ಕರೆ ಮಾತ್ರ ಬೀಜ ಕಟ್ಟುತ್ತದೆ. ಎಲ್ಲಕ್ಕೂ ಕೀಟವೇ ಬೇಕೆಂದು ನಾವು ವಾದಿಸುವುದಿಲ್ಲ. ಕಾಳುಮೆಣಸಿಗೆ ಜೇನಿನ ಹಂಗಿಲ್ಲ, ಮಳೆಹನಿ ಸಾಕು. ಇದ್ದದ್ದನ್ನು ಇದ್ದಂತೆ ಹೇಳಬೇಕು.

ಕಾವಲು ಕಾಯುವ ಕೀಟಗಳ ಮಾತು ಇನ್ನೊಂದು. ಕಾಫಿ ಎಲೆಯ ರಸ ಹೀರುವ ಹಸಿರು ಶಲ್ಕ ಕೀಟದ ಹತೋಟಿಗೆಂದು 1898ರಲ್ಲಿಯೇ ಆಸ್ಟ್ರೇಲಿಯದಿಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತರಲಾಗಿತ್ತು. ಅದು ಇಲ್ಲಿಯೇ ನೆಲೆಯೂರಿ ಇಂದು ಹಿಟ್ಟು ತಿಗಣೆಯ ದೊಡ್ಡ ಶತ್ರುವಾಗಿದೆ. ಇದರ ಮರಿಯೂ ಹಿಟ್ಟು ತಿಗಣೆಯಂತೆಯೇ ಬೆಳ್ಳಗೆ ಮೇಣ ಹೊದ್ದಿರುವುದರಿಂದ, ಶತ್ರುವೆಂದು ತಿಳಿದು ಕಾವಲುಗಾರನನ್ನೇ ಕೊಲ್ಲುವ ಸಂಭವವಿದೆ. ಸೊರಗಿದ ಗಿಡ ಕಂಡರೆ ಮೊದಲು ಹತ್ತಿರ ಹೋಗಿ ನೋಡಬೇಕು. ಗೋಡೆಗೆ ಮಣ್ಣಿನ ಗೂಡು ಮೆತ್ತುವ ಕಣಜವನ್ನೂ ಹೀಗೆಯೇ ನೋಡಬಹುದು. ಅದರ ಝೇಂಕಾರ ಕೇಳಿ ಕೇಳಿ ಕೀಟವೇ ಭ್ರಮರವಾಗುತ್ತದೆಂದು ಹಿರಿಯರು ದೃಷ್ಟಾಂತ ಕೊಡುತ್ತಿದ್ದರು. ನಿಜದಲ್ಲಿ ಅದು ತನ್ನ ಮರಿಗೆ ಬುತ್ತಿ ಕಟ್ಟುವುದು. ಕಣಜದ ಜಾತಿಗೆ ತಕ್ಕಂತೆ ಆ ಬುತ್ತಿ ಎಲೆ ತಿನ್ನುವ ಹುಳುವಾಗಿರಬಹುದು, ಜೇಡವಾಗಿರಬಹುದು. ಮಳೆಗಾಲ ಮುಗಿಯುವ ತನಕ ಆ ಗೂಡನ್ನು ಗೋಡೆಯ ಮೇಲೆ ಬಿಟ್ಟರೆ ಮನೆಯ ಅಂದವೇನೂ ಕೆಡುವುದಿಲ್ಲ.

ಹಾಗೆಂದು ಎಲ್ಲ ಕೀಟವೂ ಸಾಧುವೆಂದು ಹೇಳಿದರೆ ಬೆಳೆಗಾರ ನಕ್ಕಾನು. ಬಿಳಿ ಕಾಂಡಕೊರಕದಿಂದ ಅರೇಬಿಕಾ ಕಿತ್ತು ಹಾಕಿದವರ ಮುಂದೆ ಆ ಮಾತು ಆಡಲಾಗದು. ಚಗಳಿ ಇರುವೆ ಹಲವು ಹುಳುಗಳನ್ನು ಬೇಟೆಯಾಡುತ್ತದೆ, ಮಲೆನಾಡಿನಲ್ಲಿ ಅದರ ಚಟ್ನಿಯೂ ಉಂಟು. ಆದರೆ ಕಾಫಿ ಗಿಡದ ಮೇಲೆ ಅದು ಸಿಹಿ ರಸದ ಆಸೆಗೆ ತಿಗಣೆಗಳನ್ನು ದನ ಕಾದಂತೆ ಕಾಯುತ್ತದೆ, ಕಾಯಿ ಕುಯ್ಯುವ ಹೆಂಗಸರ ಕೈಯನ್ನೂ ಕಚ್ಚುತ್ತದೆ. ಆದ್ದರಿಂದ ನಮ್ಮ ಬೇಡಿಕೆ ಔಷಧಿ ಬಿಡಿ ಎಂಬುದಲ್ಲ. ಯಾವ ಹುಳು, ಎಲ್ಲಿದೆ, ಎಷ್ಟಿದೆ ಎಂದು ನೋಡದೆ ಇಡೀ ತೋಟಕ್ಕೆ ಹೊಡೆಯಬೇಡಿ ಎಂಬುದು. ಕಾಂಡಕೊರಕಕ್ಕೆ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ರೋಗ ಹಿಡಿದ ಗಿಡ ಗುರುತಿಸಿ ಕಿತ್ತು ಸುಡುವುದು, ನೆರಳು ಕಾಪಾಡುವುದು, ಆಕರ್ಷಕ ಬಲೆ ಕಟ್ಟುವುದು ಇವು ಇವೆ. ಔಷಧಿ ಬೇಕೇ ಬೇಕೆಂದಾದರೂ ಕಾಂಡಕ್ಕೆ ಬೇಕಾದದ್ದು ಕಾಂಡಕ್ಕಷ್ಟೇ ಬೀಳಲಿ, ಹೂವಿಗೆ ಬೇಡ.

ಹೂವಿನ ಕಾಲದ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಹೂಮಳೆ ಬಿದ್ದ ಅಥವಾ ಸ್ಪ್ರಿಂಕ್ಲರ್ ಹಾಯಿಸಿದ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ. ವರ್ಷದ ಫಸಲು ನಿರ್ಧಾರವಾಗುವ ಆ ಕೆಲವು ದಿನ, ಮತ್ತು ಅದರ ಹಿಂದಿನ ವಾರ, ಕೀಟನಾಶಕದ ಪಂಪು ಷೆಡ್ಡಿನಲ್ಲೇ ಇರಲಿ. ಇದನ್ನು ಒಬ್ಬ ಪಾಲಿಸಿದರೆ ಸಾಲದು. ಹೆಜ್ಜೇನು ಮೈಲುಗಟ್ಟಲೆ ಹಾರಿ ಮೇಯುತ್ತದೆ, ಸರ್ವೆ ನಂಬರು, ಬೇಲಿ, ಪಹಣಿ ಅದಕ್ಕೆ ತಿಳಿಯದು. ನಮ್ಮ ರೋಬಸ್ಟಾಕ್ಕೆ ಬರಬೇಕಾದ ಜೇನು ಪಕ್ಕದ ತೋಟದ ಹೂವಿನಲ್ಲಿ ಸತ್ತರೆ ನಷ್ಟ ಇಬ್ಬರಿಗೂ. ವಿಷ ಬೇಲಿಯೊಳಗೆ ನಿಲ್ಲುವುದಿಲ್ಲವೆಂಬುದನ್ನು ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಹಳ್ಳಿಗಳು ತೀರ ಕಠಿಣವಾಗಿ ಕಲಿತವು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಯುವ ಹೊತ್ತಿಗೆ ಅಲ್ಲಿ ಒಂದು ತಲೆಮಾರು ನೊಂದಿತ್ತು.

ಆದ್ದರಿಂದ ಇದು ಸಹಕಾರದ ಕೆಲಸ. ಪ್ರತಿ ಊರಿನ ಸದಸ್ಯರು ಸ್ಪ್ರಿಂಕ್ಲರ್ ಹಾಯಿಸುವ ದಿನವನ್ನು ಸಂಘದ ಡಿಪೋದ ಹಲಗೆಯಲ್ಲಿ ಬರೆಯಿಸಲಿ. ಅದನ್ನು ನೋಡಿ ನೆರೆಯವರು ಸಿಂಪಡಣೆಯನ್ನು ಮುಂದೂಡಲಿ. ತಡೆಯಲಾಗದ ಸಂದರ್ಭದಲ್ಲಿ ಜೇನು ಗೂಡಿಗೆ ಮರಳಿದ ಸಂಜೆಯ ಮೇಲೆ ಹೊಡೆಯಲಿ, ಜೇನುಪೆಟ್ಟಿಗೆ ಇಟ್ಟವರಿಗೆ ಮುಂಚೆಯೇ ತಿಳಿಸಲಿ. ಕಾಗದದ ಮೇಲಿನ ಹತ್ತು ನಿರ್ಣಯಕ್ಕಿಂತ ಈ ಒಂದು ಹಲಗೆ ಮೇಲು.

ಕಾಫಿ ಹೂವು ಕೆಲವೇ ದಿನದ ಹಬ್ಬ. ಉಳಿದ ದಿನ ಜೇನು ಏನು ತಿಂದು ಬದುಕಬೇಕು ಎಂಬುದನ್ನೂ ಯೋಚಿಸಬೇಕು. ನೆರಳಿಗೆ ಒಂದೇ ಜಾತಿಯ ಮರ ತುಂಬಿದರೆ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿಯುತ್ತವೆ. ನೇರಳೆ, ಅಂಟುವಾಳ, ಮತ್ತಿ, ಹೊನ್ನೆ ಹೀಗೆ ಬೆರಕೆಯಿದ್ದರೆ ಒಂದಾದ ಮೇಲೊಂದು ಹೂವು ಸಿಕ್ಕುತ್ತದೆ. ಬೇಲಿಯಂಚಿನ, ಕೆರೆ ಏರಿಯ ಕಳೆಗೂ ಕಳೆನಾಶಕ ಬೇಡ, ಕತ್ತಿ ಸಾಕು.

ಕೊನೆಯದಾಗಿ ಹೆಜ್ಜೇನು ಮರದ ಮಾತು. ವರ್ಷ ವರ್ಷವೂ ಹೆಜ್ಜೇನು ಅದೇ ಹೆಮ್ಮರವನ್ನು ಹುಡುಕಿಕೊಂಡು ಬರುತ್ತದೆ. ಮರ ಮಾರಿದ ದುಡ್ಡು ಒಂದು ಮದುವೆಗೆ ಮುಗಿಯುತ್ತದೆ, ಆ ಮರದ ಜೇನು ಸುತ್ತಲಿನ ಹತ್ತು ತೋಟಕ್ಕೆ ಪ್ರತಿವರ್ಷ ದುಡಿಯುತ್ತದೆ. ಹೆಜ್ಜೇನು ಕೆರಳಿದರೆ ಪ್ರಾಣಕ್ಕೆ ಅಪಾಯವೆಂಬುದನ್ನು ನಾವು ಮರೆಮಾಚುವುದಿಲ್ಲ. ಹುಟ್ಟು ಇರುವಷ್ಟು ದಿನ ಆ ಮರದ ಕೆಳಗೆ ಕೆಲಸ ಇಡಬಾರದು, ಹೊಸ ಆಳುಗಳಿಗೆ ಮರ ತೋರಿಸಿ ಎಚ್ಚರ ಹೇಳಬೇಕು, ಹೊಗೆ ಹಾಕಲು, ಕಲ್ಲೆಸೆಯಲು ಯಾರನ್ನೂ ಬಿಡಬಾರದು. ಜೇನಿನ ಆಸೆಗೆ ರಾತ್ರಿ ಸೂಡಿ ಹಚ್ಚಿ ಇಡೀ ಹುಟ್ಟನ್ನು ಸುಡುವವರಿಗೆ ತೋಟದೊಳಗೆ ಪ್ರವೇಶ ಕೊಡುವುದು, ಕಾಯಿ ಕಟ್ಟುವ ಕಾಲಕ್ಕೆ ನಮ್ಮ ಆಳುಗಳನ್ನು ನಾವೇ ಓಡಿಸಿದಂತೆ.

ಮುಂದಿನ ಹೂಮಳೆಗೆ ಮುಂಚೆ ಪ್ರತಿ ಊರಿನ ಸದಸ್ಯರು ಒಮ್ಮೆ ಕುಳಿತು ಈ ವಿಷಯ ಮಾತಾಡಿಕೊಳ್ಳಬೇಕೆಂದು ಕೋರುತ್ತೇವೆ. ಇದಕ್ಕೆ ಬಂಡವಾಳ ಬೇಕಿಲ್ಲ, ಸಾಲದ ಅರ್ಜಿ ಬೇಕಿಲ್ಲ. ನೆರೆಯವರಿಬ್ಬರು ಒಬ್ಬರಿಗೊಬ್ಬರು ದಿನ ತಿಳಿಸಿದರೆ ಸಾಕು.