ಒಳ್ಳೆಯವರ ಪಶ್ಚಾತ್ತಾಪ

ಕರಜಗಿಯ ಕಡೆಯಿಂದ ಪುಣೆಗೆ ಹೊರಟವರು ಅಕ್ಕಲಕೋಟ ರೋಡಿನಲ್ಲಿಯೋ ಸೋಲಾಪುರದಲ್ಲಿಯೋ ರೈಲು ಹಿಡಿಯುತ್ತಾರೆ. ಕುರ್ಡುವಾಡಿ, ದೌಂಡ ದಾಟಿ ಇನ್ನಷ್ಟು ದೂರ ಸಾಗಿದರೆ ಕೇಡಗಾಂವ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಪುಣೆ ಬಂತೆಂದು ಗಂಟುಮೂಟೆ ಸರಿಪಡಿಸಿಕೊಳ್ಳುವ ಪ್ರಯಾಣಿಕರು ಆ ಹೆಸರನ್ನು ಗಮನಿಸುವುದು ಕಡಿಮೆ. ಆದರೂ ಪಶ್ಚಾತ್ತಾಪವೆಂದರೆ ಏನು, ವಿಶ್ವಾಸವು ಮನುಷ್ಯನಲ್ಲಿ ಬೇರೂರುವುದು ಹೇಗೆ ಎಂದು ಕೇಳುವವರು ಒಮ್ಮೆ ಆ ಊರಿನ ಕಡೆ ಕಣ್ಣು ಹಾಯಿಸಬೇಕು. ಪಂಡಿತಾ ರಮಾಬಾಯಿಯವರು ತಮ್ಮ ಬಾಳಿನ ಕೊನೆಯ ಕಾಲು ಶತಮಾನವನ್ನು ಕಳೆದದ್ದು ಅಲ್ಲಿಯೇ.

ಮೊದಲು ಮಾತಿನ ವಿಚಾರ. ಪಶ್ಚಾತ್ ಎಂದರೆ ಆಮೇಲೆ, ತಾಪವೆಂದರೆ ಸುಡುವಿಕೆ. ಕೆಲಸ ಕೆಟ್ಟ ಮೇಲೆ ಮನಸ್ಸು ಸುಡುವುದೇ ಪಶ್ಚಾತ್ತಾಪ. ಈ ಸುಡುವಿಕೆ ಯಾರಿಗೂ ಹೊಸದಲ್ಲ. ತಾಯಿಯ ಕೊನೆಗಾಲದಲ್ಲಿ ಊರಿಗೆ ಹೋಗದೆ ಉಳಿದ ಮಗನಿಗೂ, ತಮ್ಮನ ಪಾಲಿನ ಹೊಲದ ಬದುವನ್ನು ಗೇಣು ಗೇಣಾಗಿ ಒತ್ತಿದ ಅಣ್ಣನಿಗೂ ಅದು ಗೊತ್ತು. ಆದರೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಮೆತನೋಯ’ ಎಂಬ ಪದವು ಸುಡುವಿಕೆಯನ್ನಲ್ಲ, ಮನಸ್ಸು ಬೇರೆಯಾಗುವುದನ್ನು ಹೇಳುತ್ತದೆ. ಇಸ್ರಾಯೇಲಿನ ಪ್ರವಾದಿಗಳು ಬಳಸಿದ ಹೀಬ್ರೂ ಪದಕ್ಕೆ ತಿರುಗಿ ಬರುವುದು ಎಂದೇ ಅರ್ಥ. ಕನ್ನಡ ಕ್ರೈಸ್ತರ ಬರವಣಿಗೆಯಲ್ಲಿ ‘ಮಾನಸಾಂತರ’ ಎಂಬ ಮಾತೂ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಮಾತೂ ಬಳಕೆಗೆ ಬಂದದ್ದು ಈ ಕಾರಣದಿಂದಲೇ. ದಾರಿ ತಪ್ಪಿದವನು ಹಾದಿಯ ಬದಿಯಲ್ಲಿ ಕುಳಿತು ಎಷ್ಟು ಅತ್ತರೂ ಊರು ಸೇರಲಾರನು. ಎದ್ದು ತಿರುಗಿ ನಡೆಯಬೇಕು.

ಇಬ್ಬರು ಶಿಷ್ಯರ ಕಥೆ ಇದನ್ನು ಸ್ಪಷ್ಟಪಡಿಸುತ್ತದೆ. ಗುರುವನ್ನು ಮೂವತ್ತು ಬೆಳ್ಳಿ ನಾಣ್ಯಗಳಿಗೆ ಹಿಡಿದುಕೊಟ್ಟ ಯೂದನಿಗೆ ಮನಸ್ಸು ಸುಟ್ಟಿತು. ಅವನು ಹಣವನ್ನು ದೇವಾಲಯದಲ್ಲಿ ಎಸೆದು ಹೋಗಿ ಉರುಲು ಹಾಕಿಕೊಂಡನು. ಅದೇ ರಾತ್ರಿ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರನಿಗೂ ಮನಸ್ಸು ಸುಟ್ಟಿತು. ಅವನು ಬಹಳವಾಗಿ ಅತ್ತನು, ಆದರೆ ಉಳಿದ ಶಿಷ್ಯರ ನಡುವೆ ಮತ್ತೆ ಬಂದು ನಿಂತನು. ಮತ್ತಾಯನ ಸುವಾರ್ತೆಯಲ್ಲಿ ಯೂದನ ದುಃಖಕ್ಕೆ ಬಳಸಿದ ಗ್ರೀಕ್ ಕ್ರಿಯಾಪದವೇ ಬೇರೆ, ಅದು ‘ಮೆತನೋಯ’ದ ಕುಲಕ್ಕೆ ಸೇರಿದ್ದಲ್ಲ. ತಾಪ ಇಬ್ಬರಿಗೂ ಇತ್ತು, ತಿರುಗಿದವನು ಒಬ್ಬನೇ.

ಇಷ್ಟಾದರೂ ಕಠಿನವಾದ ಪ್ರಶ್ನೆ ಉಳಿಯುತ್ತದೆ. ಕಳ್ಳನಿಗೂ ಕುಡುಕನಿಗೂ ತಾನು ತಿರುಗಬೇಕಾದದ್ದು ಯಾವುದರಿಂದ ಎಂಬುದು ಗೊತ್ತಿರುತ್ತದೆ. ವಾರವಾರವೂ ಪ್ರಾರ್ಥನೆಗೆ ಹೋಗುವವನು, ಸಾಲ ಮಾಡದವನು, ಬಡವರಿಗೆ ಕೈಲಾದಷ್ಟು ಕೊಡುವವನು ಯಾವುದರಿಂದ ತಿರುಗಬೇಕು? ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಮನೆ ಬಿಟ್ಟು ಹೋಗಿ ಎಲ್ಲವನ್ನೂ ಹಾಳುಮಾಡಿಕೊಂಡು ಮರಳಿದ ಕಿರಿಯ ಮಗನ ಸಾಮ್ಯವನ್ನು ಎಲ್ಲರೂ ನೆನೆಯುತ್ತಾರೆ. ಹಿರಿಯ ಮಗನನ್ನು ನೆನೆಯುವವರು ಕಡಿಮೆ. ಅವನು ಹೊಲದಲ್ಲಿ ದುಡಿದು ಸಂಜೆಗೆ ಮನೆಯ ಹತ್ತಿರ ಬಂದಾಗ ಹಾಡು ಕುಣಿತಗಳ ಸದ್ದು ಕೇಳುತ್ತದೆ. ಪೋಲಿ ತಮ್ಮನಿಗಾಗಿ ಔತಣವೆಂದು ತಿಳಿದು ಅವನು ಒಳಕ್ಕೆ ಹೋಗಲೊಲ್ಲದೆ ಅಂಗಳದಲ್ಲಿಯೇ ನಿಲ್ಲುತ್ತಾನೆ. ಇಷ್ಟು ವರ್ಷ ತಾನು ಸೇವೆ ಮಾಡಿದ ಲೆಕ್ಕವನ್ನು ತಂದೆಗೆ ಒಪ್ಪಿಸುತ್ತಾನೆ. ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಮಗನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಹೇಳದೆಯೇ ಯೇಸು ಕಥೆಯನ್ನು ಅಲ್ಲಿಗೆ ಬಿಡುತ್ತಾನೆ. ಕಿರಿಯವನು ತಿರುಗಬೇಕಾದದ್ದು ತನ್ನ ಪಾಪದಿಂದ. ಹಿರಿಯವನು ತಿರುಗಬೇಕಾದದ್ದು ತನ್ನ ಪುಣ್ಯದ ಲೆಕ್ಕದಿಂದ. ಎರಡನೆಯದೇ ಹೆಚ್ಚು ಕಷ್ಟದ್ದು.

ಸೋಲಾಪುರದ ಸೀಮೆಯ ಕನ್ನಡಿಗರಿಗೆ ಈ ವಿಚಾರವು ಪರದೇಶದ್ದೆಂದು ತೋರಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಬಂದು, ಕಟ್ಟುವ ಕೆಲಸದಲ್ಲಿ ಅವನು ತನ್ನನ್ನು ತಾನು ಮರೆತುದನ್ನು ಎತ್ತಿ ತೋರಿಸಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಸಿದ್ಧರಾಮನು ಕೆಟ್ಟವನಾಗಿದ್ದನೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಒಳ್ಳೆಯವನಾಗಿದ್ದುದೇ ಅಲ್ಲಿಯ ತೊಡಕು. ಶರಣರ ಅರಿವನ್ನೂ ಕ್ರೈಸ್ತರ ಮಾನಸಾಂತರವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಎರಡಕ್ಕೂ ನ್ಯಾಯವಲ್ಲ. ಒಂದು ತನ್ನೊಳಗಿನದನ್ನು ಅರಿಯುವುದು, ಇನ್ನೊಂದು ತನ್ನ ಹೊರಗಿರುವ ಒಬ್ಬ ಕರ್ತನಿಗೆ ತನ್ನನ್ನು ಒಪ್ಪಿಸುವುದು. ಆದರೆ ಒಳ್ಳೆಯ ಕೆಲಸವೇ ಒಳಗಿನ ಬಾಗಿಲಿಗೆ ಅಡ್ಡವಾಗಬಲ್ಲದು ಎಂಬ ಎಚ್ಚರ ಎರಡೂ ಕಡೆ ಇದೆ.

ರಮಾಬಾಯಿಯವರ ಬಾಳು ಈ ಮಾತಿಗೆ ದೊಡ್ಡ ಸಾಕ್ಷಿ. ಅವರು ಹುಟ್ಟಿದ್ದು 1858ರ ಏಪ್ರಿಲಿನಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು, ಮನೆಮಾತು ಮರಾಠಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಪಂಡಿತರ ವಿರೋಧವನ್ನು ಎದುರಿಸಿ ಅವರು ಕಾಡಿನಲ್ಲಿ ಆಶ್ರಮ ಕಟ್ಟಿದ್ದರು. ಮಗುವಿಗೆ ಆರು ತಿಂಗಳು ತುಂಬುವ ವೇಳೆಗೆ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಆ ಮಗುವನ್ನು ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಬಾಲ್ಯವೆಲ್ಲ ನಡಿಗೆಯೇ. ಆ ಅಲೆದಾಟದಲ್ಲಿ ಕನ್ನಡ, ಹಿಂದೂಸ್ಥಾನಿ, ಬಂಗಾಳಿಗಳೂ ಅವರ ನಾಲಿಗೆಗೆ ಬಂದವು. 1874ರ ಸುಮಾರಿನ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣನೊಡನೆ ನಡೆದು ನಡೆದು 1878ರಲ್ಲಿ ಕಲಕತ್ತೆ ಸೇರಿದಾಗ ಅಲ್ಲಿಯ ವಿದ್ವಾಂಸರು ಅವರಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನೂ ಹೋದನು. ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆಯಾಗಿ ಎರಡು ವರ್ಷವೂ ತುಂಬುವ ಮುನ್ನ ಪತಿಯು ಕಾಲರಾದಿಂದ ತೀರಿಕೊಂಡರು. ತೊಡೆಯ ಮೇಲೆ ಮಗಳು ಮನೋರಮಾ ಉಳಿದಳು.

1883ರಲ್ಲಿ ರಮಾಬಾಯಿಯವರು ಇಂಗ್ಲೆಂಡಿಗೆ ಹೋದರು. ಹೋದದ್ದು ವೈದ್ಯಶಾಸ್ತ್ರ ಕಲಿಯಲೆಂದು. ಕಿವಿಯ ಮಂದತನದಿಂದ ಅದು ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರು ದಾರಿ ತಪ್ಪಿದವರೆಂದು ಲೋಕವು ಹೊರಹಾಕಿದ ಹೆಂಗಸರನ್ನು ಲಂಡನ್ನಿನ ಮನೆಯೊಂದರಲ್ಲಿ ಇಟ್ಟುಕೊಂಡು ಆದರಿಸುವುದನ್ನು ಅವರು ಕಂಡರು. ಅಂಥವರಿಗೆ ತಮ್ಮ ಶಾಸ್ತ್ರಗಳು ಶಿಕ್ಷೆಯನ್ನು ಹೇಳುವುದನ್ನು ಓದಿದ್ದರೇ ಹೊರತು ಯಾರೂ ಕೈ ನೀಡುವುದನ್ನು ಅವರು ಕಂಡಿರಲಿಲ್ಲ. ಕಾರಣ ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಓದಿ ಹೇಳಿದರು. ಆ ವರ್ಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಸಾಮಾನ್ಯವಾಗಿ ಇಂಥ ಚರಿತ್ರೆಗಳು ಇಲ್ಲಿಗೆ ಮುಗಿಯುತ್ತವೆ. ರಮಾಬಾಯಿಯವರೇ ಹಾಗೆ ಮುಗಿಸಲು ಒಪ್ಪಲಿಲ್ಲ. 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಅವರು ದೀಕ್ಷಾಸ್ನಾನದ ಅನಂತರದ ಎಂಟು ವರ್ಷಗಳನ್ನು ಸುಲಭದ ಕಾಲವೆಂದು ತೋರಿಸುವುದಿಲ್ಲ. ಪಾಪಗಳನ್ನು ಬಿಡುವೆನೆಂದು ನಿಶ್ಚಯಿಸಿ ದೀಕ್ಷಾಸ್ನಾನ ಪಡೆದರೆ ಎಲ್ಲವೂ ತೊಳೆದುಹೋಗುವುದೆಂದು ತಾವು ನಂಬಿದ್ದುದಾಗಿಯೂ, ಆ ನಂಬಿಕೆಯ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲವೆಂದೂ, ಕ್ರೈಸ್ತ ಧರ್ಮ ತಮಗೆ ದೊರಕಿತ್ತಾದರೂ ಆ ಧರ್ಮದ ಜೀವವಾದ ಕ್ರಿಸ್ತನು ದೊರಕಿರಲಿಲ್ಲವೆಂದೂ ಅವರು ಒಪ್ಪಿಕೊಳ್ಳುತ್ತಾರೆ. ಜಗತ್ತೆಲ್ಲ ಹೊಗಳುತ್ತಿದ್ದ ಕಾಲವದು ಎಂಬುದನ್ನು ಮರೆಯಬಾರದು. ಅಮೇರಿಕದಲ್ಲಿ ಅವರ ಪುಸ್ತಕ ಹೆಸರಾಗಿತ್ತು, ಬಾಸ್ಟನ್ನಿನಲ್ಲಿ ಅವರ ನೆರವಿಗೆ ಸಂಘವೇ ಹುಟ್ಟಿತ್ತು. 1889ರ ಮಾರ್ಚಿನಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದನ್ನು ಪುಣೆಗೆ ಒಯ್ದರು. ಹೊರಗಿನಿಂದ ನೋಡಿದವರಿಗೆ ಅದಕ್ಕಿಂತ ಸಾರ್ಥಕವಾದ ಕ್ರೈಸ್ತ ಜೀವನ ಇನ್ನೇನಿದ್ದೀತು?

ಆ ದಿನಗಳಲ್ಲಿ ಅವರ ಕೈಗೆ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಬಂದಿತು. ಹ್ಯಾಸ್ಲಮನು ಕಾರ್ನ್‌ವಾಲಿನ ಒಂದು ಸಭೆಗೆ ಪಾದ್ರಿಯಾಗಿದ್ದು, ವರ್ಷಗಟ್ಟಲೆ ಉಪದೇಶಿಸಿದ ಮೇಲೆ, 1851ರ ಒಂದು ಭಾನುವಾರ ಉಪದೇಶಪೀಠದಲ್ಲಿ ನಿಂತಿದ್ದಾಗಲೇ ತಾನು ಬೋಧಿಸುತ್ತಿದ್ದುದು ತನಗೇ ಅಗತ್ಯವೆಂದು ಕಂಡುಕೊಂಡವನು. ಪಾದ್ರಿಗೇ ಮಾನಸಾಂತರವಾಯಿತೆಂದು ಸಭೆಯಲ್ಲಿದ್ದವನೊಬ್ಬನು ಕೂಗಿದನಂತೆ. ಈ ಕಥೆಯನ್ನು ಓದಿದ ರಮಾಬಾಯಿಯವರು ತಮ್ಮನ್ನೇ ಅದರಲ್ಲಿ ಕಂಡರು. ಅವರು ಬಿಟ್ಟುಕೊಟ್ಟದ್ದು ದುರ್ನಡತೆಯನ್ನಲ್ಲ, ಬಿಡಲು ಅವರಲ್ಲಿ ಅಂಥದು ಇರಲೂ ಇಲ್ಲ. ತಾವು ಯೋಗ್ಯರಾದ ಮೇಲೆ ದೇವರು ಒಪ್ಪಿಕೊಳ್ಳುವನೆಂಬ ಕಾಯುವಿಕೆಯನ್ನು ಅವರು ಬಿಟ್ಟರು. ತಮ್ಮ ಬಲ ಮುಗಿಯುವ ಎಡೆಗೆ ಬಂದು, ಯಾವ ಷರತ್ತೂ ಇಲ್ಲದೆ ರಕ್ಷಕನಿಗೆ ಶರಣಾದೆನೆಂಬುದು ಅವರ ಮಾತಿನ ಸಾರ. ಇದು ನಡೆದದ್ದು 1891ರ ಸುಮಾರಿಗೆ; ಆಗ ಅವರ ವಯಸ್ಸು ಮೂವತ್ತಮೂರು.

ಹೀಗೆ ಶರಣಾದವರಿಗೆ ಮುಂದಿನ ದಾರಿ ಹೂವಿನದಾಗಲಿಲ್ಲ. ಶಾರದಾ ಸದನದಲ್ಲಿ ಧರ್ಮದ ವಿಷಯದಲ್ಲಿ ಯಾರಿಗೂ ಒತ್ತಾಯವಿಲ್ಲವೆಂಬ ಮಾತು ಕೊಡಲಾಗಿತ್ತು. ಆದರೆ ಅವರು ಬೆಳಿಗ್ಗೆ ಪ್ರಾರ್ಥಿಸುವಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ರಾನಡೆ, ಭಾಂಡಾರಕರರಂಥವರು ಸಲಹಾ ಮಂಡಳಿಯಿಂದ ಹೊರಬಂದರು; ಹಲವು ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಅನ್ನಕ್ಕೂ ಅಕ್ಷರಕ್ಕೂ ಒಬ್ಬರನ್ನೇ ಆಶ್ರಯಿಸಿದ ಎಳೆಯರ ಮುಂದೆ ತೆರೆದಿಟ್ಟ ಬಾಗಿಲನ್ನು ಪೂರಾ ನಿಷ್ಪಕ್ಷಪಾತವೆನ್ನಬಹುದೇ ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಇಂದಿನ ಕ್ರೈಸ್ತರೂ ಹೇಳಲಾರರು. ತಮ್ಮ ಪ್ರಾರ್ಥನೆಯನ್ನು ಬಾಗಿಲು ಮುಚ್ಚಿ ಮಾಡಬೇಕಾದ ಅಪರಾಧವೆಂದು ರಮಾಬಾಯಿಯವರು ಎಣಿಸಲಿಲ್ಲ ಎಂಬುದೂ ಅಷ್ಟೇ ದಿಟ. ಈ ಜಗಳವು ಇನ್ನೂ ಪೂರ್ತಿ ತೀರಿಲ್ಲ.

ಮಾನಸಾಂತರವು ದಿಟವಾದುದೋ ಅಲ್ಲವೋ ಎಂಬುದನ್ನು ಫಲದಿಂದ ತಿಳಿಯಬೇಕೆಂದು ಸ್ನಾನಿಕನಾದ ಯೋಹಾನನು ಹೊಳೆಯ ದಡದಲ್ಲಿ ನೆರೆದವರಿಗೆ ಹೇಳಿದನು. ಏನು ಮಾಡಬೇಕೆಂದು ಅವರು ಕೇಳಿದಾಗ ಅವನು ತಪಸ್ಸನ್ನು ಹೇಳಲಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ, ಸುಂಕದವನು ಗೊತ್ತಾದುದಕ್ಕಿಂತ ಹೆಚ್ಚು ವಸೂಲು ಮಾಡದಿರಲಿ ಎಂಬಷ್ಟು ಸಾದಾ ಉತ್ತರ ಅವನದು. ರಮಾಬಾಯಿಯವರ ಬಾಳಿನಲ್ಲಿ ಆ ಫಲ ಕಂಡದ್ದು 1896–97ರ ಬರದಲ್ಲಿ. ಮಧ್ಯಪ್ರಾಂತದ ಹಸಿವಿನ ನೆಲದಲ್ಲಿ ತಿರುಗಿ ಅವರು ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹದಿನಾರರ ವಯಸ್ಸಿನಲ್ಲಿ ತಾವೇ ಉಂಡ ಹಸಿವು ಅವರಿಗೆ ಮರೆತಿರಲಿಲ್ಲ. ಪುಣೆಯಲ್ಲಿ ಪ್ಲೇಗು ಹಬ್ಬಿದ್ದರಿಂದ ಆ ಮಕ್ಕಳನ್ನು ಕೇಡಗಾಂವದ ಹೊಲಕ್ಕೆ ಒಯ್ದರು. ಮುಕ್ತಿ ಸದನ ಬೆಳೆದದ್ದು ಹಾಗೆ. 1900ರ ಗುಜರಾತಿನ ಬರದ ತರುವಾಯ ಅಲ್ಲಿಯ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಹೋಯಿತು. ಶಾರದಾ ಸದನವು ಮೊದಲಿಗೆ ಮೇಲ್ಜಾತಿಯ ವಿಧವೆಯರಿಗೆಂದು ತೆರೆದದ್ದು. ಮುಕ್ತಿಯಲ್ಲಿ ಜಾತಿಯನ್ನು ಕೇಳುವವರಿರಲಿಲ್ಲ. ವಾಂಟೇಜಿನವರ ಸೇವೆಯನ್ನು ಕಂಡ ನೆನಪು ಕೃಪಾ ಸದನವೆಂಬ ಹೆಸರಿನಲ್ಲಿ ಮನೆಯಾಗಿ ನಿಂತಿತು. 1905ರ ಜೂನ್ ಕೊನೆಯಲ್ಲಿ ಅಲ್ಲಿ ದೊಡ್ಡ ಉಜ್ಜೀವನವಾಗಿ, ಹುಡುಗಿಯರು ಅತ್ತು ಪಾಪಗಳನ್ನು ಒಪ್ಪಿಕೊಂಡ ಸುದ್ದಿ ದೇಶವಿದೇಶಗಳಿಗೆ ಹೋಯಿತು. ಆ ಕಣ್ಣೀರನ್ನು ಅಲ್ಲಗಳೆಯಬೇಕಾಗಿಲ್ಲ; ಆದರೆ ಮರುದಿನವೂ ಅಲ್ಲಿ ಬೀಸುವ ಕಲ್ಲು, ಮಗ್ಗ, ಬಾವಿ, ಹೊಲಗಳ ಕೆಲಸ ಕಾದಿತ್ತು ಎಂಬುದನ್ನೂ ಜೊತೆಗೆ ನೆನೆಯಬೇಕು.

ಈ ಕಡೆಯ ಓದುಗರಿಗೆ ಇನ್ನೊಂದು ಸಂಗತಿ ಹತ್ತಿರದ್ದು. ಅದೇ ರೈಲುಹಾದಿ ಅಕ್ಕಲಕೋಟ ರೋಡು, ದುಧನಿಗಳನ್ನು ದಾಟಿ ಕಲಬುರ್ಗಿಗೆ ಹೋಗುತ್ತದೆ. ಅಂದು ನಿಜಾಮನ ಸೀಮೆಗೆ ಸೇರಿದ್ದ ಆ ಊರಿನಲ್ಲಿ 1912ರ ಸುಮಾರಿಗೆ ರಮಾಬಾಯಿಯವರು ಮಗಳು ಮನೋರಮಾರ ನೆರವಿನಿಂದ ಕ್ರೈಸ್ತ ಶಾಲೆಯೊಂದನ್ನು ತೆರೆದರು. ಗಂಗಾಮೂಲದಿಂದ ಪೆಟ್ಟಿಗೆಯಲ್ಲಿ ಹೊರಟ ಮಗುವಿನ ಕೆಲಸವು ಅರ್ಧ ಶತಮಾನದ ಮೇಲೆ ಹೀಗೆ ಮರಳಿ ಕನ್ನಡ ನೆಲವನ್ನು ಮುಟ್ಟಿತು.

ಆದರೆ ಆತ್ಮಿಕ ಬೆಳವಣಿಗೆಯ ಕುರುಹನ್ನು ಕಟ್ಟಡಗಳಲ್ಲಿಯೇ ಹುಡುಕಿದರೆ ಮತ್ತೆ ಹಿರಿಯ ಮಗನ ಲೆಕ್ಕಕ್ಕೇ ಬಂದಂತಾಗುತ್ತದೆ. ಕುರುಹು ಇನ್ನೊಂದು ಕಡೆ ಇದೆ. ಕಲಕತ್ತೆಯ ಪಂಡಿತರು ಬಿರುದು ಕೊಟ್ಟದ್ದು ಅವರ ಸಂಸ್ಕೃತಕ್ಕೆ. ಭಾಗವತದ ಸಾವಿರಾರು ಶ್ಲೋಕಗಳು ಅವರಿಗೆ ಬಾಯಿಪಾಠವಾಗಿದ್ದವು. ಆ ವಿದ್ವತ್ತೆಯೇ ಅವರ ನಿಜವಾದ ಆಸ್ತಿ. ಕೇಡಗಾಂವದಲ್ಲಿ ಅವರು ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮತ್ತೊಮ್ಮೆ ಮರಾಠಿಗೆ ತರಲು ತೊಡಗಿದಾಗ, ಬೇಕೆಂದೇ ಸಂಸ್ಕೃತದ ಗಂಭೀರ ಪದಗಳನ್ನು ದೂರವಿಟ್ಟು, ಶಾಲೆಯ ಮೆಟ್ಟಿಲು ಹತ್ತದ ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತುಗಳನ್ನು ಹುಡುಕಿದರು. ಒಬ್ಬ ಪಂಡಿತೆಗೆ ಇದಕ್ಕಿಂತ ದೊಡ್ಡ ತಿರುಗುವಿಕೆ ಯಾವುದಿದ್ದೀತು? ಅದು ಒಂದು ದಿನದ ಉದ್ವೇಗದಲ್ಲಿ ಆದದ್ದಲ್ಲ. ಹದಿನೈದಕ್ಕೂ ಹೆಚ್ಚು ವರ್ಷ, ಪ್ರತಿದಿನವೂ, ಒಂದೊಂದು ಪದದ ಮುಂದೆ ಕುಳಿತು ಬಲ್ಲ ದೊಡ್ಡ ಮಾತನ್ನು ಬದಿಗಿಟ್ಟು ಸಣ್ಣ ಮಾತನ್ನು ಎತ್ತಿಕೊಳ್ಳುವ ಕೆಲಸವದು.

1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ತಮ್ಮ ತರುವಾಯ ಎಲ್ಲವನ್ನೂ ನೋಡಿಕೊಳ್ಳಬೇಕಾದವಳೆಂದು ತಾಯಿ ನೆಚ್ಚಿದ್ದ ಮಗಳು ಆಕೆ. ರಮಾಬಾಯಿಯವರ ಕಿವಿ ಆಗಲೇ ಬಹಳ ಮಂದವಾಗಿತ್ತು, ಶರೀರ ಸೋತಿತ್ತು. ಅವರು ಕರಡಚ್ಚುಗಳನ್ನು ತಿದ್ದುವುದನ್ನು ಬಿಡಲಿಲ್ಲ. ಆ ಕೆಲಸ ಮುಗಿಯುವ ಹೊತ್ತಿಗೆ, 1922ರ ಏಪ್ರಿಲ್ 5ರಂದು ಅವರೂ ಕಣ್ಣುಮುಚ್ಚಿದರು. ಪೂರ್ಣ ಬೈಬಲು ಹೊರಬಂದದ್ದು 1924ರಲ್ಲಿ. ಮುಕ್ತಿಯ ಮುದ್ರಣಾಲಯದಲ್ಲಿ ಅದಕ್ಕೆ ಮೊಳೆ ಜೋಡಿಸಿದವರು, ಯಂತ್ರ ತಿರುಗಿಸಿದವರು, ಹಾಳೆ ಮಡಚಿ ಹೊಲಿದವರು ಅಲ್ಲಿಯ ಹೆಣ್ಣುಮಕ್ಕಳೇ.